ಮೆದುಳಿನ ಮೇಸ್ತ್ರಿ

ಬೆಂಗಳೂರಿನಲ್ಲಿ ಮೆದುಳಿನ ಸಂಶೋಧನೆ ನಡೆಯುವ ಸಂಸ್ಥೆಗಳ ಕ್ಯಾಂಟೀನಿನಲ್ಲಿ ಈತನನ್ನು ಗುರುತಿಸುವುದು ಸುಲಭ. ಎದುರಿಗಿರುವ ದೋಸೆ ಆರಿ ತಣ್ಣಗಾಗಿರುತ್ತದೆ. ಇವನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಗಾಳಿಗೆ ನಮಸ್ಕಾರ ಮಾಡುತ್ತ, "ಡ್ರೈ ಐಸ್ ಪೂರ್ತಿ ಹೋಗ್ಬಿಟ್ರೆ ಆಂಟಿಬಾಡಿ ಕೆಟ್ಟೋಗುತ್ತೆ ಸಾರ್, ಇವತ್ತೇ ಬಿಡಿಸ್ಕೊಡಿ ಸಾರ್" ಎಂದು ಏರ್‌ಪೋರ್ಟಿನ ಕಸ್ಟಮ್ಸ್ ಏಜೆಂಟನ್ನು ಅಂಗಲಾಚುತ್ತಿರುತ್ತಾನೆ. ಹುದ್ದೆಯ ಹೆಸರು ಸೈಂಟಿಫಿಕ್ ಪ್ರಾಜೆಕ್ಟ್ ಮ್ಯಾನೇಜರ್. ನಾನು ಕರೆಯುವುದು ಮೆದುಳಿನ ಮೇಸ್ತ್ರಿ ಎಂದು. ಮನೆ ಯಜಮಾನರದು, ಪ್ಲಾನು ಇಂಜಿನಿಯರರದು, ಸಿಮೆಂಟು ಬರಲಿಲ್ಲವೆಂದರೆ ಬೈಗುಳ ಮಾತ್ರ ಇವನದು.

ಹುಟ್ಟಾ ಮೇಸ್ತ್ರಿಯೇನಲ್ಲ. ಪಿಎಚ್‌ಡಿ ಆಗಿದೆ, ಇಲಿಯ ಹಿಪೊಕ್ಯಾಂಪಸ್ಸಿನ ಒಂದು ಮೂಲೆಯಲ್ಲೇ ತಾರುಣ್ಯ ಕಳೆದವನು. ಪೋಸ್ಟ್‌ಡಾಕ್ ಮುಗಿಸಿ, ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿ ಹಾಕಿ ಸುಸ್ತಾಗಿ ಈ ಕಡೆ ತಿರುಗಿದ. ಮನೆಯವರಿಗೆ ಇದೇ ಬಡ್ತಿ. ಮಗ ಮಾಡುವುದೇನೆಂದು ಯಾರಿಗೂ ಹೇಳಲಾಗದೆ ಒದ್ದಾಡಿದ ತಾಯಿ ಈಗ ಧೈರ್ಯವಾಗಿ "ಮ್ಯಾನೇಜರು" ಎನ್ನುತ್ತಾರೆ. ಯಾವ ಬ್ಯಾಂಕು ಎಂದು ಪಕ್ಕದ ಮನೆಯಾಕೆ ಕೇಳಿದರೆ, "ಅದೇನೋ ಬ್ರೇನ್ ಬ್ಯಾಂಕಂತೆ." ಅಂಥದ್ದೊಂದು ನಿಜವಾಗಿಯೂ ಇದೆ, ನಿಮ್ಹಾನ್ಸ್‌ನಲ್ಲಿ, 1995ರಿಂದ. ಅಲ್ಲಿ ಠೇವಣಿ ಇಟ್ಟವರು ಬಡ್ಡಿ ಕೇಳಲು ಬರುವುದಿಲ್ಲ. ನಮ್ಮ ಮೇಸ್ತ್ರಿಗೆ ಅಲ್ಲಿ ಕೆಲಸವೂ ಇಲ್ಲ.

ಸಂದರ್ಶನಕ್ಕೆಂದು ಒಂದು ಕಥೆ ಬಾಯಿಪಾಠ ಮಾಡಿದ್ದ. ಯುರೋಪಿನ ಹ್ಯೂಮನ್ ಬ್ರೇನ್ ಪ್ರಾಜೆಕ್ಟ್ 2013ರಲ್ಲಿ ಶುರುವಾಯಿತು, ಇಡೀ ಮೆದುಳನ್ನೇ ಕಂಪ್ಯೂಟರಿನೊಳಗೆ ಕಟ್ಟುವ ಉಮೇದಿನಲ್ಲಿ. ಮರುವರ್ಷವೇ ನೂರಾರು ನರವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಆಡಳಿತ ಸರಿಯಿಲ್ಲವೆಂದು ಜಗಳ ತೆಗೆದರು. 2015ರಲ್ಲಿ ಮುಖ್ಯಸ್ಥರಾಗಿದ್ದ ಮೂವರ ಸಮಿತಿಯನ್ನೇ ವಿಸರ್ಜಿಸಬೇಕಾಯಿತು. "ಆದ್ದರಿಂದ ನನ್ನಂಥವರು ಬೇಕು" ಎಂದು ಮುಗಿಸಿದ. ಹಿರಿಯರು ತಲೆದೂಗಿ ಕೆಲಸ ಕೊಟ್ಟರು. ಅಂದಿನಿಂದ ಆ ಹಿರಿಯರು ಇವನ ಒಂದು ಇಮೇಲಿಗೂ ಉತ್ತರ ಬರೆದಿಲ್ಲ.

ಸೇರಿದ ವಾರವೇ ಬಣ್ಣಬಣ್ಣದ ಪಟ್ಟಿಗಳ ಗ್ಯಾಂಟ್ ಚಾರ್ಟ್ ಮಾಡಿಕೊಂಡು ಪ್ರೊಫೆಸರ ಕೋಣೆಗೆ ಹೋದ.

"ಚೆನ್ನಾಗಿದೆ ಕಣ್ರೀ. ಆದ್ರೆ ಡಿಸ್ಕವರಿ ಯಾವ ತಿಂಗಳು ಅಂತ ಹಾಕಿದ್ದೀರಲ್ಲ, ಅದು ನನಗೇ ಗೊತ್ತಿಲ್ಲ."

"ಗ್ರಾಂಟಿನ ಅರ್ಜೀಲಿ ನೀವೇ ಬರೆದಿದ್ದೀರಿ ಸಾರ್. ಇಪ್ಪತ್ತೆರಡನೇ ತಿಂಗಳು."

"ಅದಾ? ಅದು ಗ್ರಾಂಟು ಬರಲಿ ಅಂತ ಬರೆದಿದ್ದು."

ಅವರದೂ ತಪ್ಪೆನ್ನಲಾರೆ. 302 ನರಕೋಶಗಳ ಒಂದು ಹುಳುವಿನ ನರಜಾಲದ ನಕ್ಷೆ ಮುಗಿಸಲು ಕೇಂಬ್ರಿಜ್‌ನ ಸಿಡ್ನಿ ಬ್ರೆನ್ನರ್ ತಂಡಕ್ಕೆ ದಶಕಕ್ಕೂ ಮಿಕ್ಕಿ ಹಿಡಿಯಿತು; ಪ್ರಕಟವಾದದ್ದು 1986ರಲ್ಲಿ. ಮನುಷ್ಯನ ಮೆದುಳಿನಲ್ಲಿರುವುದು ಸುಮಾರು 8,600 ಕೋಟಿ. ಗ್ರಾಂಟು ಸಿಕ್ಕಿದ್ದು ಮೂರು ವರ್ಷಕ್ಕೆ. ಮಾರ್ಚ್ 31 ಎಂಬ ತಾರೀಕು ನರಕೋಶಗಳಿಗೆ ತಿಳಿಯದು. ಅಕೌಂಟ್ಸ್ ಸೆಕ್ಷನ್ನಿಗೆ ಅದೊಂದೇ ತಿಳಿಯುವುದು. ಫೆಬ್ರವರಿಯಲ್ಲಿ ಮೇಸ್ತ್ರಿಯ ಮುಖ ನೋಡಬೇಕು. ಹಣ ಉಳಿದರೆ ಯಾಕೆ ಉಳಿಸಿದಿರಿ ಎಂದು ಒಂದು ಪತ್ರ, ಖರ್ಚಾದರೆ ಯಾಕೆ ಖರ್ಚು ಮಾಡಿದಿರಿ ಎಂದು ಇನ್ನೊಂದು. ಇದರ ನಡುವೆ ಮಧ್ಯರಾತ್ರಿ ಮೈನಸ್ 80ರ ಫ್ರೀಜರು ಅಲಾರಂ ಹೊಡೆದರೆ ಫೋನು ಬರುವುದೂ ಇವನಿಗೇ. ಅದನ್ನು ಯಾವ ಚಾರ್ಟಿನಲ್ಲೂ ಬರೆದಿರಲಿಲ್ಲ.

ಹಾಗೆಂದು ಮೇಸ್ತ್ರಿ ಬೇಡವೆಂದು ಯಾರೂ ಹೇಳುವಂತಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಗುರಿಯ ಅಧ್ಯಯನವೊಂದು ನಡೆದಿದೆ. ಮಾವಿನ ಸುಗ್ಗಿಯಲ್ಲಿ ಮಂಡಿ ಬಿಟ್ಟು ಎಂಆರ್‌ಐಗೆ ಬನ್ನಿ ಎಂದು ರೈತನನ್ನು ಒಪ್ಪಿಸುವ ವಿದ್ಯೆ ಯಾವ ಪಿಎಚ್‌ಡಿಯಲ್ಲೂ ಕಲಿಸುವುದಿಲ್ಲ.

ನಮ್ಮವನ ಪಾಲಿಗೆ ಬಂದದ್ದು ರೈತರಲ್ಲ, ಇಲಿ. ತಳಿಗುಣ ತಿದ್ದಿದ ಇಲಿ. ಫೈಲು ಪರ್ಚೇಸ್ ಸೆಕ್ಷನ್ನಿಗೆ ಹೋಯಿತು.

"ಮೂರು ಕೊಟೇಶನ್ ಎಲ್ರೀ?"

"ಈ ತಳಿ ಅಮೆರಿಕದಲ್ಲಿ ಒಂದೇ ಕಡೆ ಸಿಗೋದು ಮೇಡಂ."

"ಜೆಮ್ ಪೋರ್ಟಲ್‌ನಲ್ಲಿ ನೋಡಿದ್ರಾ?"

ನೋಡಿದ. ಸರ್ಕಾರಿ ಖರೀದಿಯ ಆ ಆನ್‌ಲೈನ್ ಸಂತೆಯಲ್ಲಿ ಇಲಿ ಬೋನು ಸಿಕ್ಕಿತು, ಇಲಿ ಸಿಗಲಿಲ್ಲ. ಬೇರೆ ಯಾರೂ ಇದನ್ನು ಮಾರುವುದಿಲ್ಲವೆಂಬ ಪ್ರೊಪ್ರೈಟರಿ ಸರ್ಟಿಫಿಕೇಟು ಲಗತ್ತಿಸಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಜೋಡಿಸಿ, ನೋಟ್ ಶೀಟು ಮೇಲೆ ಹೋಗಿ ಕೆಳಗೆ ಬಂದು, ಕೊನೆಗೂ ಇಪ್ಪತ್ತು ಇಲಿಗಳು ವಿಮಾನದಲ್ಲಿ ಬಂದಿಳಿದವು. ಲೆಕ್ಕದಲ್ಲಿ ಅವು ಕನ್ಸ್ಯೂಮಬಲ್ಸ್. ಇಲಿಯ ಬಸಿರು ಸುಮಾರು ಮೂರು ವಾರದ್ದು. ಇಡೀ ಪ್ರಾಜೆಕ್ಟಿನಲ್ಲಿ ಹೇಳಿದ ದಿನಕ್ಕೆ ಕೆಲಸ ಒಪ್ಪಿಸಿದವರು ಅವೇ ಮೊದಲು. ಮೇಸ್ತ್ರಿ ಹೆಮ್ಮೆಯಿಂದ ಆ ಪಟ್ಟಿಗೆ ಹಸಿರು ಬಳಿದ.

ಆಮೇಲೆ ಆಡಿಟ್‌ನವರು ಬಂದರು. ಸ್ಟಾಕ್ ರಿಜಿಸ್ಟರು ತೆರೆದು, ಗೂಡುಗಳನ್ನು ಎಣಿಸಿ, ಕನ್ನಡಕ ಮೇಲಕ್ಕೇರಿಸಿದರು.

"ಬಂದಿರೋದು ಇಪ್ಪತ್ತು ಅಂತಿದೆ. ಇಲ್ಲಿ ನೂರರ ಮೇಲಿದೆಯಲ್ರೀ. ಮಿಕ್ಕಿದ್ದಕ್ಕೆ ಬಿಲ್ಲೆಲ್ಲಿ?"

"ಅವು ಮರಿಗಳು ಸಾರ್."

"ಮರಿ ಅಂತ ಕಾಣುತ್ತೆ ಬಿಡಿ. ಇಂಡೆಂಟ್ ಯಾರು ಹಾಕಿದ್ದು?"