ಅಡ್ಮಿನ್ ಚಿಕ್ಕಪ್ಪ

ಹೆತ್ತವರು ಇಟ್ಟ ಹೆಸರೊಂದು ಇವರಿಗೆ ಇದೆ. ಪಿಂಚಣಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಕೆ.ಟಿ. ಸ್ಟ್ರೀಟಿನಿಂದ ಅಕ್ಬರ್ ರಸ್ತೆಯವರೆಗೆ ಯಾರನ್ನು ಕೇಳಿದರೂ ‘ಅಡ್ಮಿನ್ ಚಿಕ್ಕಪ್ಪ’ ಎಂದೇ ಮನೆ ತೋರಿಸುತ್ತಾರೆ. ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ, ಸಂಶಯ ಬೇಡ. ವಯಸ್ಸು ಅರವತ್ತು ದಾಟಿರುತ್ತದೆ, ಜೇಬಿನಲ್ಲಿ ಟೆಸ್ಟರು, ಕೊರಳಿಗೊಂದು ಹಣೆಗೊಂದು ಕನ್ನಡಕ. ನೀವು ಕ್ಷೇಮ ಸಮಾಚಾರ ಮುಗಿಸುವಷ್ಟರಲ್ಲಿ “ನಿಮ್ಮ ರೂಟರ್ ಎಲ್ಲಿಟ್ಟಿದ್ದೀರಿ?” ಎಂದು ಕೇಳಿಯಾಗಿರುತ್ತದೆ. ದೂರದರ್ಶನದ ಕಾಲದಲ್ಲಿ ಇದೇ ತಳಿಯವರು ಕಂಡವರ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ “ಬಂತಾ? ಈಗ ಬಂತಾ?” ಎಂದು ಕೂಗುತ್ತಿದ್ದರು.

ಹಳೆಯ ಕ್ಯಾಮೆರಾಗಳಲ್ಲಿ ಇವರಿಗೆ ಅಂಥ ಕೆಲಸವೇನೂ ಇರಲಿಲ್ಲ. ದಪ್ಪ ಕಪ್ಪು ವೈರು ಎಳೆದು ಡಿವಿಆರ್ ಹಿಂದೆ ಸಿಕ್ಕಿಸಿದರೆ ಚಿತ್ರ ಬರುತ್ತಿತ್ತು, ಇಲ್ಲವೇ ಬರುತ್ತಿರಲಿಲ್ಲ. ಐಪಿ ಕ್ಯಾಮೆರಾ ಬಂದ ಮೇಲೆ ಚಿಕ್ಕಪ್ಪನವರ ದೆಸೆ ತಿರುಗಿತು. ಅದು ಗೋಡೆ ಮೇಲೆ ಕೂತ ಪುಟ್ಟ ಕಂಪ್ಯೂಟರು. ಅದಕ್ಕೆ ತನ್ನದೇ ವಿಳಾಸ, ತನ್ನದೇ ಗಡಿಯಾರ, ತನ್ನದೇ ಲಾಗಿನ್ ಪುಟ. ಮೆನುವಿನೊಳಗೆ ಮೆನು, ಅದರೊಳಗೆ ‘ಅಡ್ವಾನ್ಸ್‌ಡ್’ ಎಂಬ ಇನ್ನೊಂದು ಮೆನು. ತಿಳಿಯದಿದ್ದರೆ ಈ ಕೊನೆಯದಕ್ಕೆ ಕೈ ಹಾಕಬೇಡಿ ಎಂದು ಕೈಪಿಡಿ ಬೇಡಿಕೊಳ್ಳುತ್ತದೆ. ಚಿಕ್ಕಪ್ಪ ಶುರು ಮಾಡುವುದೇ ಅಲ್ಲಿಂದ.

ಮೊಹಲ್ಲಾದ ಭಾಯಿಯೊಬ್ಬರ ಸ್ಟೀಲ್ ಪಾತ್ರೆ ಅಂಗಡಿಗೆ ನಾಲ್ಕು ಕ್ಯಾಮೆರಾ ಹಾಕಿದ ದಿನ ನೀವು ಇರಬೇಕಿತ್ತು. ನೇತಾಡುವ ಬಕೆಟ್ಟುಗಳ ಕೆಳಗೆ ಸ್ಟೂಲು ಹಾಕಿಕೊಂಡು ಚಿಕ್ಕಪ್ಪ ನೀಲಿ ಕೇಬಲಿನ ತುದಿ ಸುಲಿದರು. ಒಳಗೆ ಎಂಟು ಎಳೆ, ಎರಡೆರಡು ಹೆಣೆದುಕೊಂಡಿದ್ದವು. ಒಂದೊಂದನ್ನೂ ಉಗುರಿನಿಂದ ಬಿಡಿಸಿ, ನೆಟ್ಟಗೆ ಮಾಡಿ, ಬೆರಳ ಸಂದಿಯಲ್ಲಿ ಸಾಲಾಗಿ ಹಿಡಿದು ಕಣ್ಣು ಮುಚ್ಚಿ ಪಠಿಸತೊಡಗಿದರು: “ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ...” ಅಷ್ಟರಲ್ಲಿ ಗಿರಾಕಿಯೊಬ್ಬರು “ಇಡ್ಲಿ ಸ್ಟ್ಯಾಂಡ್ ಎಷ್ಟು ಸಾರ್?” ಎಂದು ಇವರನ್ನೇ ಕೇಳಿಬಿಟ್ಟರು. ಹಸಿರು ಕೈತಪ್ಪಿತು. ಮತ್ತೆ ಕಿತ್ತಳೆ ಬಿಳಿಯಿಂದ. ಕೊನೆಗೂ ಎಂಟೆಳೆ ಒಂದೇ ಮಟ್ಟಕ್ಕೆ ಕತ್ತರಿಸಿ, ಆರ್‌ಜೆ 45 ಪಿನ್ನಿನೊಳಗೆ ತೂರಿಸಿ, ಕ್ರಿಂಪಿಂಗ್ ಇಕ್ಕಳದಲ್ಲಿ ಕಟಕ್ಕೆನ್ನಿಸಿದಾಗ ಅವರ ಮುಖ ನೋಡಬೇಕಿತ್ತು.

“ಇದೊಂದೇ ವೈರಲ್ಲಿ ಚಿತ್ರಾನೂ ಬರುತ್ತೆ, ಕರೆಂಟೂ ಹೋಗುತ್ತೆ ಭಾಯ್. ಪಿಒಇ ಅಂತಾರೆ. ನೂರು ಮೀಟರ್ ದಾಟಬಾರದು ಅಷ್ಟೆ.”

“ನನ್ನ ಅಂಗಡಿನೇ ಇಪ್ಪತ್ತಡಿ ಐತೆ ಚಿಕ್ಕಪ್ಪ.”

“ಆದ್ರೂ ತಿಳ್ಕೊಂಡಿರಬೇಕು.”

ಮೊದಲನೇ ಕ್ಯಾಮೆರಾದ ಚಿತ್ರ ಬಂತು. ಬಂದ ಗಳಿಗೆಗೇ ಬಿಲ್ ಪ್ರಿಂಟರು ಮಲಗಿತು. ಕ್ಯಾಮೆರಾ ಕಿತ್ತರೆ ಪ್ರಿಂಟರು ಎದ್ದು ಕೂರುತ್ತದೆ, ಸಿಕ್ಕಿಸಿದರೆ ಮತ್ತೆ ನೆಲ ಹಿಡಿಯುತ್ತದೆ. ಭಾಯಿ ಮೇಲೆ ನೋಡಿ ಏನೋ ಗೊಣಗಿದರು. ಚಿಕ್ಕಪ್ಪನಿಗೆ ಮಾತ್ರ ಹಬ್ಬ. ಎರಡೂ 192.168.1.108 ಎಂಬ ಒಂದೇ ವಿಳಾಸ ಹಿಡಿದು ಕೂತಿದ್ದವು. “ನಮ್ಮ ಬೆಂಕಿ ನವಾಬ್ ಬೀದೀಲಿ ಒಂದೇ ಡೋರ್ ನಂಬರು ಎರಡು ಮನೆಗಿದ್ರೆ ಪೋಸ್ಟ್‌ಮನ್ ಏನ್ ಮಾಡ್ತಾನೆ ಹೇಳಿ ಭಾಯ್?” ಎಂದು ಮೇಷ್ಟ್ರ ಗತ್ತಿನಲ್ಲಿ ಕೇಳಿದರು. “ಎರಡೂ ಮನೆ ಕಾಗದ ನಮ್ಮಂಗ್ಡೀಲಿ ಬಿಟ್ಟು ಹೋಗ್ತಾನೆ” ಎಂದರು ಭಾಯಿ. ಪಾಠ ಅಲ್ಲಿಗೇ ನಿಂತಿತು. ರೂಟರು ತನ್ನಷ್ಟಕ್ಕೆ ಹಂಚುವ ವಿಳಾಸಗಳ ಗೊಡವೆಯೇ ಬೇಡವೆಂದು ನಾಲ್ಕು ಕ್ಯಾಮೆರಾಗಳಿಗೂ 201ರಿಂದ 204ರವರೆಗೆ ಕಾಯಂ ನಂಬರು ಕೊಟ್ಟು, ಅದನ್ನು ಮಾರ್ಕರಿನಲ್ಲಿ ಗೋಡೆ ಮೇಲೇ ಬರೆದರು. ಪಕ್ಕದಲ್ಲಿ ಕುಕ್ಕರಿನ ರೇಟು ಪಟ್ಟಿ ಇತ್ತು. 203 ರೂಪಾಯಿಗೆ ಕುಕ್ಕರ್ ಕೊಡಿ ಎಂದು ಇವತ್ತಿಗೂ ಹಟ ಹಿಡಿಯುವ ಗಿರಾಕಿಗಳಿದ್ದಾರೆ.

ಪಾಸ್‌ವರ್ಡಿನ ವಿಚಾರ ಬಂದರೆ ಚಿಕ್ಕಪ್ಪ ಸ್ಟೂಲಿನಿಂದ ಇಳಿದೇ ಮಾತಾಡುತ್ತಾರೆ. 2016ರ ಮಿರಾಯ್ ಕಥೆ ಅವರಿಗೆ ಕಂಠಪಾಠ. ಕಾಲೇಜು ಓದುವ ವಯಸ್ಸಿನ ಹುಡುಗರು ಕಟ್ಟಿದ ವೈರಸ್ಸು ಅದು. ಕಾರ್ಖಾನೆಯಲ್ಲಿ ಇಟ್ಟ ಹೆಸರು, ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಗಳಷ್ಟೇ ಅದರ ಬಂಡವಾಳ. ‘ಅಡ್ಮಿನ್, ಅಡ್ಮಿನ್’ ಎಂದು ಬಾಗಿಲು ತಟ್ಟುತ್ತ ಜಗತ್ತಿನ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳ ಒಳಹೊಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳ ದಂಡು ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಒಟ್ಟಿಗೆ ಎರಗಿ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯದ ಹಾಗೆ ಮಾಡಿತು. “ಗೋಡೆ ಮೇಲಿನ ಕ್ಯಾಮೆರಾ ಭಾಯ್! ಅಮೆರಿಕಾನ ಮಲಗಿಸ್ತು!” ಇಷ್ಟೆಲ್ಲ ಎಚ್ಚರ ಹೇಳಿದ ಮೇಲೆ ಚಿಕ್ಕಪ್ಪ ಹೊಸ ಪಾಸ್‌ವರ್ಡನ್ನು ಗುಟ್ಟಾಗಿ ತಿಳಿಸಿದರು. ಅವರ ಗುಟ್ಟು ಎದುರಂಗಡಿಗೂ ಕೇಳುತ್ತದೆ. “ಮೈಸೂರ್, ಆಟ್, ಒನ್ ಟೂ ತ್ರೀ. ಎಮ್ ಮಾತ್ರ ಕ್ಯಾಪಿಟಲ್.” ಇಡ್ಲಿ ಸ್ಟ್ಯಾಂಡಿನ ಗಿರಾಕಿಯೂ ತಲೆಯಾಡಿಸಿದರು. ಚಿಕ್ಕಪ್ಪ ಕ್ಯಾಮೆರಾ ಹಾಕಿದ ಪ್ರತಿ ಮನೆಗೂ ಇದೇ ಪಾಸ್‌ವರ್ಡು, ನೆನಪಿರಬೇಕಲ್ಲ?

ಮುಂದೆ ಒಂದು ದಿನ ಭಾಯಿಯ ಅಂಗಡಿ ಬಾಗಿಲಲ್ಲಿಟ್ಟ ಎರಡು ಕುಕ್ಕರು ಕಾಣೆಯಾದವು. ರೆಕಾರ್ಡಿಂಗ್ ತೆಗೆದರೆ ಕಳ್ಳ ಸ್ಪಷ್ಟವಾಗಿ ಕಂಡ, ಮೀಸೆ ಸಮೇತ. ಮೂಲೆಯಲ್ಲಿ ತಾರೀಖು ಮಾತ್ರ 1970ರ ಜನವರಿ 1, ಬೆಳಗ್ಗೆ ಐದೂವರೆ ದಾಟಿ ಕೆಲವು ನಿಮಿಷ. ಭಾಯಿ ಆಗಿನ್ನೂ ಹುಟ್ಟಿರಲಿಲ್ಲ. ಈ ಯಂತ್ರಗಳು ಕಾಲವನ್ನು ಎಣಿಸುವುದೇ ಅಲ್ಲಿಂದ, ಕರೆಂಟು ಹೋಗಿ ಬಂದಾಗ ಒಳಗಿನ ಬ್ಯಾಟರಿ ಸತ್ತಿದ್ದರೆ ಗಡಿಯಾರ ಮೊದಲಿಗೇ ಹೋಗಿ ಕೂರುತ್ತದೆ ಎಂದು ಚಿಕ್ಕಪ್ಪ ವಿವರಿಸಿದರು. ಗ್ರೀನಿಚ್ ಕಾಲದ ನಡುರಾತ್ರಿ ನಮಗೆ ಐದೂವರೆ ಎಂಬುದನ್ನೂ ಸೇರಿಸಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದೃಶ್ಯ ಕೋರ್ಟಿಗೆ ಹೋಗಬೇಕಾದರೆ ಜೊತೆಗೆ ಸರ್ಟಿಫಿಕೇಟು ಬೇಕು ಎಂಬುದೂ ಅವರಿಗೆ ಗೊತ್ತು. “ಸರ್ಟಿಫಿಕೇಟ್ ಇರ್ಲಿ ಚಿಕ್ಕಪ್ಪ, ಅವ್ನು ಈಗ ಮುತ್ತಜ್ಜ ಆಗಿರ್ತಾನೆ” ಎಂದರು ಭಾಯಿ. ಎನ್‌ಟಿಪಿ ಎಂಬಲ್ಲಿ ಒಂದು ಟಿಕ್ ಹಾಕಿದ್ದರೆ ಗಡಿಯಾರ ಇಂಟರ್ನೆಟ್ಟಿನಿಂದ ತಾನೇ ಸರಿಹೋಗುತ್ತಿತ್ತು. ಆ ಟಿಕ್ ‘ಬೇಸಿಕ್’ ಮೆನುವಿನಲ್ಲಿತ್ತು. ಚಿಕ್ಕಪ್ಪ ಆ ಕಡೆ ಹೋಗುವವರಲ್ಲ.

ಹಾರ್ಡ್‌ಡಿಸ್ಕಿನ ಲೆಕ್ಕವನ್ನು ಅವರು ಒಂಟಿಕೊಪ್ಪಲ್ ಪಂಚಾಂಗದ ಹಿಂಬದಿಯಲ್ಲಿ ಹಾಕುತ್ತಾರೆ. ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕು ಸೇರಿದರೆ ಒಂದು ಟಿಬಿ ಡಿಸ್ಕು ಹನ್ನೊಂದು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸಲು ಶುರು ಮಾಡುತ್ತದೆ. ಜನ ಸೇರುವ ದೊಡ್ಡ ಜಾಗಗಳು ಮೂವತ್ತು ದಿನದ ದೃಶ್ಯ ಇಟ್ಟಿರಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಭಾಯಿಯ ಅಂಗಡಿಯಲ್ಲಿ ಐದು ಜನ ನಿಂತರೆ ಆರನೆಯವರು ರಸ್ತೆಯಲ್ಲಿರುತ್ತಾರೆ. ಆದರೂ ತಿಳ್ಕೊಂಡಿರಬೇಕು.

ಇನ್ನು ಅವರ ಸ್ವಂತ ಮನೆ. ಆಯುಧಪೂಜೆ ದಿನ ಮೈಸೂರಿನಲ್ಲಿ ಬಸ್ಸು, ಮಿಕ್ಸಿ, ಸೈಕಲ್ ಪಂಪು ಯಾವುದಕ್ಕೂ ವಿನಾಯಿತಿ ಇಲ್ಲದಿರುವಾಗ ಕ್ಯಾಮೆರಾ ಹೇಗೆ ತಪ್ಪಿಸಿಕೊಂಡೀತು? ಚಿಕ್ಕಮ್ಮ ಕುರ್ಚಿ ಹತ್ತಿ ಬಾಗಿಲ ಕ್ಯಾಮೆರಾಕ್ಕೆ ವಿಭೂತಿ ಬಳಿದು, ನಟ್ಟನಡುವೆ, ಅಂದರೆ ಲೆನ್ಸಿಗೇ, ಕುಂಕುಮ ಇಟ್ಟು, ಚೆಂಡು ಹೂವಿನ ಸರ ಇಳಿಬಿಟ್ಟರು. ಅವತ್ತು ರಾತ್ರಿಯಿಡೀ ಗಾಳಿಗೆ ಸರ ಅಲ್ಲಾಡಿತು. ಅಲ್ಲಾಡಿದಾಗೆಲ್ಲ ಚಿಕ್ಕಪ್ಪನ ಫೋನು ‘ಚಲನೆ ಕಂಡುಬಂದಿದೆ’ ಎಂದು ಕಿರುಚಿತು. ತೆರೆದು ನೋಡಿದರೆ ಬೀದಿಯೆಲ್ಲ ಕೆಂಪು. ವಿಜಯದಶಮಿ ಬೆಳಗ್ಗೆ ಅವರು ಪಂಚೆ ತುದಿಯಲ್ಲಿ ಲೆನ್ಸ್ ಉಜ್ಜಲು ಹೋದರೆ “ಇಟ್ಟ ಕುಂಕುಮ ಅಳಿಸ್ತೀರಾ?” ಎಂದು ಚಿಕ್ಕಮ್ಮ ಗದರಿಕೊಂಡರು. ಕುಂಕುಮ ತಾನಾಗಿ ಉದುರುವವರೆಗೆ ಆ ಬಾಗಿಲ ಮುಂದೆ ಯಾರು ಬಂದರು, ಯಾರು ಹೋದರು ಎಂಬುದು ದೇವರಿಗೇ ಗೊತ್ತು.

“ಇಷ್ಟೆಲ್ಲ ಮಾಡೋರು ಹಾಲು ಉಕ್ಕೋದನ್ನ ತಿಳಿಸೋ ಹಾಗೆ ಒಂದು ಹಾಕಿ ನೋಡೋಣ” ಎಂದು ಚಿಕ್ಕಮ್ಮ ಒಮ್ಮೆ ಸವಾಲು ಹಾಕಿದ್ದರು. ಚಿಕ್ಕಪ್ಪ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಥೆ ತೆಗೆದರು. 1991ರಲ್ಲಿ ಅಲ್ಲಿನ ಕಂಪ್ಯೂಟರ್ ಪಂಡಿತರು ಕಾಫಿ ಪಾತ್ರೆಯೊಂದಕ್ಕೆ ಕ್ಯಾಮೆರಾ ಇಟ್ಟು, ಕಾಫಿ ಇದೆಯೋ ಖಾಲಿಯೋ ಎಂದು ಕೂತಲ್ಲಿಂದಲೇ ನೋಡುತ್ತಿದ್ದರಂತೆ. ಜಾಲದ ಕ್ಯಾಮೆರಾ ವಂಶಕ್ಕೆಲ್ಲ ಅದೇ ಮೂಲ. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: “ಅಷ್ಟೆಲ್ಲ ಓದಿದೋರಿಗೆ ಎದ್ದು ಹೋಗಿ ನೋಡೋಕೆ ಏನಾಗಿತ್ತು?”

ಈಗ ಬೀದಿಯ ಬಹುಪಾಲು ಕ್ಯಾಮೆರಾಗಳು ಚಿಕ್ಕಪ್ಪನ ಫೋನಿನಲ್ಲಿವೆ. ಕದ್ದಿದ್ದಲ್ಲ. ಸರಿಯಾಗಿ ಬರುತ್ತಿದೆಯೋ ಎಂದು ಪರೀಕ್ಷಿಸಲು ಕ್ಯೂಆರ್ ಸ್ಕ್ಯಾನ್ ಮಾಡಿಕೊಂಡದ್ದು ಹಾಗೇ ಉಳಿದುಬಿಟ್ಟಿದೆ. “ಗೇಟ್ ಹಾಕಿಲ್ಲ ನೋಡಮ್ಮ, ಹಸು ಒಳಗೆ ಬರ್ತಾ ಇದೆ” ಎಂದು ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಹಸು ನಿಜವಾಗಿಯೂ ತುಳಸಿಗೆ ಬಾಯಿ ಹಾಕಿರುತ್ತದೆ. “ನಿಮ್ಮ ಹುಡುಗ ನಿನ್ನೆ ಬಂದಾಗ ಹನ್ನೊಂದೂ ನಲವತ್ತು, ಹೆಲ್ಮೆಟ್ ಇರ್ಲಿಲ್ಲ” ಎಂದೂ ಅದೇ ದನಿಯಲ್ಲಿ, ಅದೇ ಕಳಕಳಿಯಿಂದ ಹೇಳುತ್ತಾರೆ. ಆ ಮನೆಯ ಹುಡುಗ ಈಗ ಹಿತ್ತಲ ಗೋಡೆ ಹಾರಿ ಬರುತ್ತಾನೆಂದು ಸುದ್ದಿ. ಬಿಟ್ಟಿ ಕೆಲಸ ಮಾಡಿಕೊಟ್ಟವರಿಗೆ ಎದುರು ನಿಂತು ಬೇಡ ಎನ್ನಲು ಯಾರಿಗೂ ನಾಲಗೆ ಬರುವುದಿಲ್ಲ. ಮನುಷ್ಯ ಬಲು ಒಳ್ಳೆಯವರು. ತೊಂದರೆ ಇರುವುದೇ ಅಲ್ಲಿ.

ಹಾಗಂತ ಕ್ಯಾಮೆರಾ ಹಾಕಿಸುವವರು ಅವರನ್ನು ಕರೆಯದೆ ಇರಬೇಡಿ. ಅವರಷ್ಟು ನೀಟಾಗಿ ಪಿನ್ನು ಹೊಡೆಯುವವರು ಈ ಕಡೆ ಇಲ್ಲ, ಕಾಸೂ ಮುಟ್ಟುವುದಿಲ್ಲ. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಮಾತ್ರ ಅಕ್ಬರ್ ರಸ್ತೆಯಲ್ಲಿ 1930ರಿಂದ ನಡೆಯುತ್ತಿರುವ ಹನುಮಂತು ಹೋಟೆಲಿಗೆ ಪಲಾವ್ ಕಟ್ಟಿಸಿಕೊಂಡು ಬರಲು ಅವರನ್ನು ಕಳಿಸಿ. ಭಾನುವಾರವಾದರೆ ಇನ್ನೂ ಒಳ್ಳೆಯದು, ಬರುವುದು ತಡವಾಗುತ್ತದೆ.