ಝುಣಕದ ಹಿಟ್ಟು ಡ್ರಮ್ಮಿಗೆ

ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಬದಲಾವಣೆ ಕಾಣದ್ದೇನಲ್ಲ. 2008ರಲ್ಲಿ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಹುಟ್ಟಿದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೈಬಿಟ್ಟು ಅದರ ತೆಕ್ಕೆಗೆ ಬಂತು. ಗೋಕಾಕ ಒಡೆದಾಗ ಮೂಡಲಗಿ ತಾಲ್ಲೂಕಿಗೆ ಸೇರಿತು. ವಿಶ್ವವಿದ್ಯಾಲಯ ಬದಲಾಯಿತು, ತಾಲ್ಲೂಕು ಬದಲಾಯಿತು; ಹೊಲದ ಕಳೆ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಟ್ಟಿಲ್ಲ.

ಪ್ರಾಕ್ಟಿಕಲ್ ಅಂದರೆ ಬಿಳಿ ಕೋಟು ಅಂದುಕೊಂಡವರ ಕೈಗೆ ಇಲ್ಲಿ ಸಿಗುವುದು ಸಲಿಕೆ. ಸಾವಯವ ಪಾಠದ ಜೀವಾಮೃತಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಕಡಲೆಹಿಟ್ಟು, ಬದುವಿನ ಹಿಡಿಮಣ್ಣು. ಹಸಿದ ಹುಡುಗರ ಕಣ್ಣು ಹಿಟ್ಟಿನ ಮೇಲೆ: "ಇಷ್ಟರಾಗ ಇಡೀ ಹಾಸ್ಟೆಲ್ಲಿಗೆ ಝುಣಕ ಆಗ್ತಿತ್ತಲೇ!" ಬೆಲ್ಲ ಕಂಡ ಗೋಕಾಕದವನಿಗೆ ಕರದಂಟಿನ ನೆನಪು. ಮೂಗು ಮುಚ್ಚಿಕೊಂಡೇ ಬಾಯಲ್ಲಿ ನೀರು!

ಕೊನೆಯ ವರ್ಷ ಹಳ್ಳಿ ವಾಸ. ಹುಕ್ಕೇರಿ ಕಡೆಯ ಕಬ್ಬಿನ ಹೊಲದಲ್ಲಿ ಹುಡುಗಿ ಉಪದೇಶ ಶುರುಮಾಡುತ್ತಾಳೆ: "ಕಾಕಾ, ರವದಿ ಸುಡಬ್ಯಾಡ್ರಿ, ಸಾಲಿನಾಗ ಹೊದಸ್ರಿ. ತೇವ ಉಳಿತದ, ಮಣ್ಣಿಗೆ ಗೊಬ್ಬರಾ ಆಗ್ತದ."

"ಖರೇ ಹೇಳಿದಿ ನೋಡವಾ. ಆಳು ಸಿಗವಲ್ರು, ನಾಳೆ ನಿಮ್ಮ ಗೆಳತ್ಯಾರನ್ನೆಲ್ಲಾ ಕರಕೊಂಡ ಬಾ."

ತಾವೇ ಬೆಳೆದು, ತಾವೇ ಮಾರಿ ಲಾಭ ಎಣಿಸುವ ಪಾಠವೂ ಉಂಟು. ದರ ಬಿದ್ದ ವಾರವೇ ಊರಿಂದ ಅಪ್ಪನ ಫೋನು: "ತ್ವಾಟಾ ಮಾಡಾಕ ಡಿಗ್ರಿ ಯಾಕ ಬೇಕೋ?"

"ಅಪ್ಪಾ, ನಿಮಗ ಬರೇ ಲುಕ್ಸಾನ ಆಗ್ತದ. ನಮಗ ಕಾರಣಾ ಸಮೇತ ಆಗ್ತದ!"