ಮೊದಲ ಅರ್ಥಿಂಗ್ ನೋಡಸ್ರಿ

ಪಕ್ಕದ ಮನೆ ಹುಡುಗನ ಗ್ರಾಫಿಕ್ಸ್ ಕಾರ್ಡ್ ಮತ್ತೆ ಹೋಗಿದೆ. ಹಾನಗಲ್ಲಿನಲ್ಲಿ ಕೂತು ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸ್ಟುಡಿಯೋದವರಿಗೆ ಲಗ್ನದ ವಿಡಿಯೋ ಎಡಿಟ್ ಮಾಡಿಕೊಡುವ ಹುಡುಗ. ಹುಬ್ಬಳ್ಳಿಯಿಂದ ಒಂದೊಂದೇ ಸಾಮಾನು ತಂದು ಕಂಪ್ಯೂಟರ್ ತಾನೇ ಜೋಡಿಸಿಕೊಂಡಿದ್ದಾನೆ. ಸೀಸನ್ನಿನಲ್ಲಿ ಕಾರ್ಡ್ ಕೈಕೊಟ್ಟರೆ ಹೊಟ್ಟೆಪಾಡಿಗೇ ಪೆಟ್ಟು. ಮೊದಲು ಪರದೆ ಮೇಲೆ ಬಣ್ಣಬಣ್ಣದ ಚೌಕ ಬೀಳುತ್ತವೆ. ಆಮೇಲೆ ಫ್ಯಾನು ತಿರುಗುತ್ತಲೇ ಇರುತ್ತದೆ, ಮಾನಿಟರಿನಲ್ಲಿ ಮಾತ್ರ ‘ನೋ ಸಿಗ್ನಲ್’.

“ಕಾಕಾ, ಈ ಕಂಪನಿ ಮಾಲು ಸರಿ ಇಲ್ರಿ. ಈ ಸಲ ಬ್ಯಾರೆ ಕಂಪನಿದು ತರ್ತೇನ್ರಿ,” ಅಂದ ಬೇಲಿ ಹಿಡಿದು ನಿಂತು.

“ಹೋದ ಸಲಾನೂ ಇದನ್ನ ಅಂದಿದ್ದಿ ತಮ್ಮಾ. ಬರಿಗಾಲಿಲೆ ನಿಂತು ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತೈತೇನು?”

“ಅಂತೈತ್ರಿ. ಎಲ್ಲಾ ಕಂಪ್ಯೂಟರೂ ಹಂಗ ಅಲ್ಲೇನ್ರಿ?”

ಅಲ್ಲ. ನಮ್ಮ ಕಡೆ ಬಹಳ ಮಂದಿ ಹಾಗೇ ತಿಳಿದಿದ್ದಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ ಎಸ್‌ಎಂಪಿಎಸ್. ಅದರೊಳಗೆ ಕರೆಂಟು ಹೊಗುವ ಕಡೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಒಂದು ಫೇಸಿನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ಅವುಗಳಿಂದ ಸೋರುವ ಚೂರು ಕರೆಂಟು ಮೂರನೇ ಪಿನ್ನಿನಿಂದ ಭೂಮಿಗಿಳಿಯಬೇಕು. ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧ ಕ್ಯಾಬಿನೆಟ್ಟಿನ ಮೈಮೇಲೇ ನಿಲ್ಲುತ್ತದೆ. ಕೈಗೆ ಜುಮ್ ಅಂದು ಸುಮ್ಮನಾಗುತ್ತದೆ. ಆದರೆ ಕಂಪ್ಯೂಟರ್ ಚಾಲೂ ಇದ್ದಾಗಲೇ ಡಿಶ್ ಕೇಬಲ್ ಇರುವ ಟಿವಿಗೆ ಎಚ್‌ಡಿಎಂಐ ಚುಚ್ಚಿದರೆ ಆ ಸೋರಿಕೆ ಕಾರ್ಡಿನ ಪೋರ್ಟಿನ ಮೂಲಕ ಹಾಯುತ್ತದೆ. ಕಾರ್ಡಿನ ಮುಖ್ಯ ಚಿಪ್ಪು ನಡೆಯುವುದೇ ಸುಮಾರು 1 ವೋಲ್ಟಿನ ಮೇಲೆ! ಗಿರಾಕಿಗಳಿಗೆ ವಿಡಿಯೋ ತೋರಿಸಲು ಇವನು ದಿನಾ ಟಿವಿಗೆ ಚುಚ್ಚುತ್ತಿದ್ದ.

ಮೇನ್ ಇಳಿಸಿ ಸಾಕೆಟ್ ಬಿಚ್ಚಿಸಿದೆ. ಮೂರನೇ ತೂತಿನ ಹಿಂದೆ ವೈರೇ ಇಲ್ಲ. ಅದರ ಹಿತ್ತಾಳೆ ಸ್ಕ್ರೂ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು, ಒಂದು ಸಲವೂ ಯಾರೂ ತಿರುಗಿಸಿದ್ದಿಲ್ಲ.

ನ್ಯೂಟ್ರಲ್ಲಿನ ಕಾಟ ಬೇರೆ. ಅಡ್ಡಮಳೆಯ ಗಾಳಿಗೆ ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಮನೆಯ 230 ವೋಲ್ಟು 400ರ ಹತ್ತಿರಕ್ಕೂ ಏರಬಹುದು. ಬಲ್ಬು ಇದ್ದಕ್ಕಿದ್ದಂತೆ ಭಗ್ಗನೆ ಬೆಳಗಿದರೆ ಕೈ ಮೊದಲು ಮೇನ್ ಸ್ವಿಚ್ಚಿಗೆ ಹೋಗಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ಸನ್ನಂತೂ ನಾನು ನಂಬುವುದಿಲ್ಲ. 8 ಪಿನ್ನಿನ ಒಂದು ಕನೆಕ್ಟರಿಗೇ 150 ವ್ಯಾಟ್ ಎಳೆಯಬಲ್ಲ ಕಾರ್ಡಿಗೆ ಅದು ಸಾಲದು.

ಧೂಳು ಗೊತ್ತಿದ್ದದ್ದೇ. ಗೋವಿನಜೋಳದ ರಾಶಿ ಶುರುವಾದರೆ ಕಾರ್ಡಿನ ಫ್ಯಾನಿಗೆ ಪದರ ಕಟ್ಟುತ್ತದೆ, ಚಿಪ್ಪು ಕಾಯುತ್ತದೆ. ಕಾದು ಆರಿ, ಕಾದು ಆರಿ ಚಿಪ್ಪಿನಡಿಯ ಬೆಸುಗೆಯ ಗುಂಡುಗಳು ಬಿರುಕು ಬಿಡುತ್ತವೆ. ಬಿಸಿಗಾಳಿ ಹೊಡೆದು ಎಬ್ಬಿಸಿಕೊಡುವವರಿದ್ದಾರೆ; ಆ ಜೀವ ಹೆಚ್ಚು ದಿನದ್ದಲ್ಲ. ಅದಕ್ಕೆ ದುಡ್ಡು ಹಾಕಬೇಡ ಅಂದೆ.

ತಯಾರಕರದು ತಪ್ಪೇ ಇರುವುದಿಲ್ಲ ಅಂತಲ್ಲ. 2008ರಲ್ಲಿ ಎನ್ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಪವರ್ ಕನೆಕ್ಟರ್ ಕರಗಿದ್ದೂ ನಿಜ. ಆದರೆ ಒಂದೇ ಮನೆಯಲ್ಲಿ, ಒಂದೇ ಸಾಕೆಟ್ಟಿನಲ್ಲಿ, ಬೇರೆಬೇರೆ ಕಂಪನಿಯ ಕಾರ್ಡುಗಳು ಸಾಲಾಗಿ ಹೋದರೆ ಮೊದಲು ನೋಡಬೇಕಾದ್ದು ಗೋಡೆಯನ್ನು.

ಹಿತ್ತಲಲ್ಲಿ ಗುಂಡಿ ತೋಡಿ, ಜಿಐ ಪೈಪು ಇಳಿಸಿ, ಇದ್ದಲಿ ಉಪ್ಪು ತುಂಬಿಸಲು ಹುಡುಗ ಒಪ್ಪಿದ್ದಾನೆ. ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 5 ವೋಲ್ಟಿಗಿಂತ ಕಡಿಮೆ ಬರುವವರೆಗೆ ಹೊಸ ಕಾರ್ಡ್ ತರಬೇಡಿ. ಗುಂಡಿ ತೋಡುವ ರಗಳೆ ಬೇಡವೆಂದು ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಕಟ್ಟಿ ‘ಅರ್ಥಿಂಗ್ ಆತ್ರಿ’ ಅನ್ನುವವರೂ ಇದ್ದಾರೆ. ಒಪ್ಪಲೇಬೇಡಿ. ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಆಗ ಹೋಗುವುದು ಬರೀ ಕಾರ್ಡಲ್ಲ.